ಕುರುಗೋಡಿನ ಗುಂಡೂ ನನ್ನ ಹನ್ನೆರಡು ವೋಲ್ಟೂ

ಹನ್ನೆರಡು ಪಾಯಿಂಟ್ ನಾಲ್ಕು. ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಒಂದು ತುದಿಗೂ ಕಪ್ಪು ಕಡ್ಡಿಯನ್ನು ಇನ್ನೊಂದು ತುದಿಗೂ ಒತ್ತಿ ಹಿಡಿದರೆ ಬರುವ ಸಂಖ್ಯೆ ಅದು. ಏಳು ಭಾನುವಾರಗಳಿಂದ ಅದೇ ಬರುತ್ತಿತ್ತು. ಒಂದೇ ಒಂದು ಸಲ ಹನ್ನೊಂದು ಎಂದು ಬಂದಿದ್ದರೂ ಸಾಕಿತ್ತು, ಬ್ಯಾಟರಿ ಕೆಟ್ಟಿದೆ ಎಂದು ತೀರ್ಪು ಕೊಟ್ಟು ನೆಮ್ಮದಿಯಾಗಿ ಇದ್ದುಬಿಡುತ್ತಿದ್ದೆ. ಆದರೆ ಈ ಬ್ಯಾಟರಿ, ತರಗತಿಗೆ ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲಿ ಕೂರುವ ಹುಡುಗಿಯ ಹಾಗೆ. ಯಾವಾಗ ಕೇಳಿದರೂ ಸರಿಯುತ್ತರವನ್ನೇ ಹೇಳುತ್ತದೆ, ಕೆಲಸ ಹೇಳಿದರೆ ಮಾತ್ರ ಕೈಕಟ್ಟಿ ನಿಲ್ಲುತ್ತದೆ. ಒಂದು ಕಾಲದಲ್ಲಿ ನಾನೂ ಅಂಥ ಹುಡುಗಿಯೇ ಆಗಿದ್ದುದರಿಂದ ಅದರ ಮೇಲೆ ಸಿಟ್ಟು ಕೂಡ ಪೂರ್ತಿ ಬರುತ್ತಿರಲಿಲ್ಲ.

ಆ ಬ್ಯಾಟರಿ ಯಾವುದರೊಳಗಿನದು ಎಂದು ಹೇಳುವುದು ನನಗೆ ಸ್ವಲ್ಪ ಕಷ್ಟದ ವಿಷಯ. ನನ್ನ ಹತ್ತಿರ ಒಂದು ರಾಕ್ ಕ್ರಾಲರ್ ಇದೆ. ಒಂದೂವರೆ ಅಡಿ ಉದ್ದದ, ಜೀಪಿನ ಆಕಾರದ, ರಿಮೋಟಿನಿಂದ ನಡೆಯುವ ಗಾಡಿ. ರಸ್ತೆಯ ಮೇಲೆ ಓಡುವುದು ಅದರ ಕಸುಬಲ್ಲ. ಬಂಡೆಯಿಂದ ಬಂಡೆಗೆ ಓತಿಕ್ಯಾತದ ಹಾಗೆ ಹಿಡಿದು ಹಿಡಿದು ಏರುವುದು ಅದರ ಕಸುಬು. ಸಿರುಗುಪ್ಪದ ಗದ್ದೆ ಬಯಲಿನಲ್ಲಿ ಬೆಳೆದ ನಾನು ಓದಲು ಬಳ್ಳಾರಿಗೆ ಬಂದಾಗ ಮೊದಲು ಬೆರಗಾದದ್ದು ಊರ ನಡುವೆಯೇ ಎದ್ದು ನಿಂತ ಆ ಕಲ್ಲಿನ ಗುಡ್ಡಗಳನ್ನು ನೋಡಿ. ಹತ್ತಬೇಕು ಎನಿಸುತ್ತಿತ್ತು. ಆದರೆ ಹೆಂಗಸೊಬ್ಬಳು ಒಬ್ಬಳೇ ಬಂಡೆ ಹತ್ತತೊಡಗಿದರೆ ಕೆಳಗೆ ಐದು ಜನ ಸೇರುತ್ತಾರೆ, ಅವರಲ್ಲಿ ಮೂವರು ದಾರಿ ಹೇಳುತ್ತಾರೆ, ಇಬ್ಬರು ಮನೆ ಎಲ್ಲಿ ಎಂದು ಕೇಳುತ್ತಾರೆ. ನನಗೆ ದಾರಿ ಹೇಳಿಸಿಕೊಳ್ಳುವುದೂ ಆಗದು, ಮನೆ ಹೇಳುವುದೂ ಆಗದು. ಹಾಗಾಗಿ ನನ್ನ ಬದಲು ಹತ್ತಲಿ ಎಂದು ಈ ಗಾಡಿಯನ್ನು ತರಿಸಿದೆ. ನಾನು ಯಾವುದೋ ಕಲ್ಲಿನ ನೆರಳಲ್ಲಿ ಮರೆಯಾಗಿ ಕೂತಿರುವುದು, ಅದು ನನ್ನ ಪರವಾಗಿ ಶಿಖರ ಮುಟ್ಟಿ ಬರುವುದು, ಇದು ಒಪ್ಪಂದ.

ಒಪ್ಪಂದವನ್ನು ಗಾಡಿ ಮುರಿಯಿತು. ಬಳ್ಳಾರಿ ಕಂಟೋನ್ಮೆಂಟಿನ ನನ್ನ ಮಹಡಿ ಕೋಣೆಯಲ್ಲಿ, ನಾಲ್ಕೂ ಗಾಲಿ ನೆಲಕ್ಕೆ ತಾಗದಂತೆ ಎರಡು ಪುಸ್ತಕಗಳ ಮೇಲೆ ಕೂರಿಸಿ ಓಡಿಸಿದರೆ ಗಾಲಿಗಳು ಗಿರಿಗಿಟ್ಟಲೆಯಂತೆ ತಿರುಗುತ್ತವೆ. ಅದೇ ಗಾಡಿಯನ್ನು ಚೀಲದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಕುರುಗೋಡಿಗೆ ಹೋಗಿ ಅಲ್ಲಿಯ ಗುಂಡುಗಳ, ಎಂದರೆ ದೊಡ್ಡ ಬಂಡೆಗಳ, ಬುಡದಲ್ಲಿ ಬಿಟ್ಟರೆ, ಮೊದಲ ಎರಡು ಮಾರು ಹುರುಪಿನಿಂದ ಹೋಗುತ್ತದೆ. ಏರು ಶುರುವಾಗಿ, ಮುಂದಿನ ಗಾಲಿಗಳು ಕಲ್ಲನ್ನು ಕಚ್ಚಿ, ಇನ್ನೇನು ಹತ್ತಿತು ಎನ್ನುವಾಗ ಒಳಗಿನ ಸಣ್ಣ ದೀಪ ಒಮ್ಮೆ ಕಣ್ಣು ಮಿಟುಕಿಸುತ್ತದೆ. ಅಷ್ಟೇ. ಗಾಡಿ ಸತ್ತಂತೆ ನಿಂತುಬಿಡುತ್ತದೆ, ಯಾವಾಗಲೂ ಕೈಗೆ ಎಟುಕದ ಜಾಗದಲ್ಲಿ. ಆಗ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಚಪ್ಪಲಿ ಕೆಳಗೆ ಬಿಟ್ಟು, ಕಾದ ಕಲ್ಲಿನ ಮೇಲೆ ನಾಲ್ಕು ಕಾಲಿನಲ್ಲಿ ನಾನೇ ಹತ್ತಬೇಕು. ಯಾರಿಗೆ ಕಾಣಬಾರದೆಂದು ಗಾಡಿ ತರಿಸಿದೆನೋ ಅವರೆಲ್ಲರಿಗೂ ಕಾಣುವಂತೆ, ಒಂದೊಂದು ಭಾನುವಾರಕ್ಕೆ ಆರು ಸಲ.

ಇದರಲ್ಲಿ ಹತಾಶಳಾಗುವಂಥದ್ದೇನಿದೆ, ಆಟಿಕೆ ತಾನೆ ಎಂದು ನೀವು ಕೇಳಬಹುದು. ಹೇಳದೆ ಉಳಿಸಿಕೊಂಡಿದ್ದ ಮಾತು ಇದು: ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅದರಲ್ಲೂ ವಿದ್ಯುತ್ತು. ವಿದ್ಯಾರ್ಥಿಗಳು ರೆಕಾರ್ಡು ಪುಸ್ತಕದಲ್ಲಿ ಪ್ರತಿ ಪ್ರಯೋಗದ ಕೊನೆಗೆ ‘ಮುನ್ನೆಚ್ಚರಿಕೆಗಳು’ ಎಂಬ ತಲೆಬರಹದಡಿ ‘ಎಲ್ಲ ಜೋಡಣೆಗಳೂ ಬಿಗಿಯಾಗಿರಬೇಕು’ ಎಂದು ಬರೆಯುತ್ತಾರೆ, ನಾನು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತೇನೆ. ವರ್ಷಕ್ಕೆ ಏನಿಲ್ಲವೆಂದರೂ ಸಾವಿರ ಸಲ ಹಾಕುತ್ತೇನೆ. ಸಹಿ ಹಾಕುವ ಮಾತನ್ನು ಓದುವ ಅಭ್ಯಾಸ ಮಾತ್ರ ಬೆಳೆಸಿಕೊಂಡಿಲ್ಲ.

ಅದಕ್ಕಿಂತ ದೊಡ್ಡ ಸಂಕಟ ಅಪ್ಪನದು. ನನ್ನ ಅಪ್ಪ ಸಿರುಗುಪ್ಪದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಗದ್ದೆಗೆ ನೀರೆತ್ತುವ ಪಂಪಿನ ಮೋಟಾರು ಸುಟ್ಟರೆ ಸುತ್ತಲ ಹಳ್ಳಿಯವರು ಅವನ ಹತ್ತಿರ ತರುತ್ತಾರೆ. ಅವನು ಸುಟ್ಟ ತಾಮ್ರವನ್ನು ಬಿಚ್ಚಿ ಹೊಸದನ್ನು ಸುತ್ತಿ ಕೊಡುತ್ತಾನೆ. ಓದಿದ್ದು ಏಳನೇ ಇಯತ್ತೆ. ನಾನು ಚಿಕ್ಕವಳಿದ್ದಾಗ ಊಟಕ್ಕೆ ಕೂತರೆ ಮನೆಯಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಇವತ್ತು ಯಾರ ಮೋಟಾರು ಬಂತು, ಯಾವ ಸುರುಳಿ ಕರಕಲಾಗಿತ್ತು, ಯಾಕೆ ಸುಟ್ಟಿತು ಎಂದು ರೊಟ್ಟಿ ಮುರಿಯುತ್ತ ನನಗೇ ಹೇಳುತ್ತಿದ್ದ, ಅಮ್ಮನಿಗಲ್ಲ. ಸುತ್ತುಗಳನ್ನು ಎಣಿಸುವ ಕೆಲಸ ನನ್ನದಾಗಿತ್ತು. ಭೌತಶಾಸ್ತ್ರದ ಕಡೆಗೆ ನಾನು ನಡೆದದ್ದು ಆ ಎಣಿಕೆಯ ಮೇಲೆಯೇ. ಎಂಎಸ್ಸಿ ಮೊದಲ ವರ್ಷದ ರಜೆಯಲ್ಲಿ ಒಂದು ದಿನ ಅಂಗಡಿಯಲ್ಲಿ ಕೂತಿದ್ದೆ. ಕರೂರಿನ ರೈತರೊಬ್ಬರು ಸುಟ್ಟ ಮೋಟಾರು ತಂದಿದ್ದರು. “ಕರೆಂಟ್ ಕಮ್ಮಿ ಬಂದು ಸುಟ್ಟೈತ್ರಿ,” ಎಂದ ಅಪ್ಪ. ನಾನು ಹಿಂದಿನಿಂದ ಬಾಯಿ ಹಾಕಿದೆ. “ಅಪ್ಪಾ, ಕಮ್ಮಿ ಆಗೋದು ವೋಲ್ಟೇಜು. ಕರೆಂಟು ಜಾಸ್ತಿ ಆಗ್ತೈತಿ, ಅದಕ್ಕ ಸುಡ್ತೈತಿ.” ರೈತರು ಹೋ ಎಂದು ನಕ್ಕರು. “ಏನ್ರೀ ಮೇಸ್ತ್ರಿ, ಇನ್ನ ಮಗಳ ಹತ್ರ ಸಾಲಿ ಕಲೀಬೇಕು ನೀವು!” ಅಪ್ಪನೂ ನಕ್ಕ. ಅವತ್ತಿನ ಊಟದಲ್ಲಿ ಮೋಟಾರಿನ ಮಾತು ಬರಲಿಲ್ಲ. ಮರುದಿನವೂ ಬರಲಿಲ್ಲ. ಎಂಟು ವರ್ಷವಾಯಿತು, ಬಂದಿಲ್ಲ. ಏನಾದರೂ ಕೇಳಿದರೆ, “ನಮ್ಮದೇನವ್ವ, ಕೈಕೆಲಸ. ನೀ ಓದಿದಾಕಿ,” ಎಂದು ಎದ್ದು ಕೈ ತೊಳೆಯುತ್ತಾನೆ. ಸರಿಯಾದ ಒಂದು ವಾಕ್ಯ ಹೇಳಿ ನಾನು ಅಪ್ಪನನ್ನು ಕಳೆದುಕೊಂಡೆ. ತಪ್ಪು ಹೇಳಿದ್ದರೆ ತಿದ್ದುವುದಕ್ಕಾದರೂ ಅವನು ಮಾತಾಡುತ್ತಿದ್ದ.

ಹೀಗಾಗಿ ನನ್ನ ಗಾಡಿಯ ರೋಗವನ್ನು ಜಗತ್ತಿನಲ್ಲಿ ಯಾರನ್ನಾದರೂ ಕೇಳಬಹುದಿತ್ತು, ಅಪ್ಪನೊಬ್ಬನನ್ನು ಬಿಟ್ಟು. ಕೇಳಬೇಕಾಗಿದ್ದವನೂ ಅವನೊಬ್ಬನೇ. ಹನ್ನೆರಡು ವೋಲ್ಟಿನ ಆಟಿಕೆ ನನ್ನ ಕೈಗೆ ಹತ್ತುತ್ತಿಲ್ಲ ಎಂದರೆ, ಅವತ್ತು ಬೇರೆಯವರೆದುರು ಅವನನ್ನು ತಿದ್ದಿದ್ದು ಯಾವ ಅಧಿಕಾರದಿಂದ? ಭಾನುವಾರ ಯಾಕೆ ಊರಿಗೆ ಬರುತ್ತಿಲ್ಲ ಎಂದು ಅಮ್ಮ ಕೇಳಿದಾಗಲೆಲ್ಲ ‘ಸ್ಪೆಷಲ್ ಕ್ಲಾಸು’ ಎಂದೆ. ಕ್ಲಾಸು ನಡೆಯುತ್ತಿದ್ದುದು ಸುಳ್ಳಲ್ಲ. ಕುರುಗೋಡಿನ ಗುಂಡು ಪಾಠ ಹೇಳುತ್ತಿತ್ತು, ನಾನು ಫೇಲಾಗುತ್ತಿದ್ದೆ.

ವೈಜ್ಞಾನಿಕವಾಗಿಯೇ ಹೊರಟೆ, ಅದನ್ನು ಯಾರೂ ಅಲ್ಲಗಳೆಯಲಾರರು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು, ಉಳಿದದ್ದು ಇದ್ದಂತೆಯೇ ಇರಬೇಕು ಎಂದು ಪಾಠ ಹೇಳುವವಳು ನಾನು. ಮೊದಲು ಬ್ಯಾಟರಿ ಬದಲಿಸಿದೆ; ಹೊಸದೂ ಅದೇ ಹನ್ನೆರಡು ಪಾಯಿಂಟ್ ನಾಲ್ಕು ತೋರಿಸಿತು. ಗಾಡಿ ಅದೇ ಕಲ್ಲಿನ ಮೇಲೆ ಅದೇ ಜಾಗದಲ್ಲಿ ನಿಂತಿತು. ಎರಡನೇ ಭಾನುವಾರ, ಮುಂದಿನ ಗಾಲಿಗಳನ್ನು ಎಡಬಲಕ್ಕೆ ತಿರುಗಿಸುವ ಸಣ್ಣ ಮೋಟಾರು ವಿಪರೀತ ವಿದ್ಯುತ್ತು ಕುಡಿಯುತ್ತಿರಬಹುದು ಎಂದು ಅದನ್ನು ಬದಲಿಸಿದೆ. ಮೂರನೆಯ ಭಾನುವಾರ ಗೇರುಪೆಟ್ಟಿಗೆ ಬಿಚ್ಚಿ ಹಲ್ಲುಗಳ ನಡುವಿನ ಮರಳನ್ನು ಹಳೆಯ ಟೂತ್‌ಬ್ರಷ್ಷಿನಿಂದ ತೆಗೆದು, ಮತ್ತೆ ಜೋಡಿಸುವಾಗ ಒಂದು ಸ್ಕ್ರೂ ಉಳಿಸಿಕೊಂಡೆ. ಅದು ಎಲ್ಲಿಯದೆಂದು ಇವತ್ತಿಗೂ ತಿಳಿದಿಲ್ಲ, ಪೆನ್ನಿನ ಡಬ್ಬಿಯಲ್ಲಿದೆ. ಕೊನೆಗೆ, ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ವಿದ್ಯುತ್ತು ಹೋಗಬೇಕೆಂದು ನಿರ್ಧರಿಸುವ ನಿಯಂತ್ರಕವನ್ನೇ ಹೊಸದು ತರಿಸಿದೆ. ಹಳೆಯದನ್ನು ಹೇಗೆ ಜೋಡಿಸಿದ್ದೆನೋ ಚಾಚೂ ತಪ್ಪದೆ ಹಾಗೆಯೇ ಹೊಸದನ್ನೂ ಜೋಡಿಸಿದೆ. ಉಳಿದದ್ದು ಇದ್ದಂತೆಯೇ ಇರಬೇಕಲ್ಲ.

ಈ ಸಾಹಸಗಳಿಗೆಲ್ಲ ಒಬ್ಬ ಪ್ರೇಕ್ಷಕಿ ಇದ್ದಳು. ಹಂಪಮ್ಮ ಎಂದು, ಗುಂಡುಗಳ ಬುಡದಲ್ಲಿ ಕುರಿ ಮೇಯಿಸುವ ಮುದುಕಿ. ಮೊದಲ ದಿನವೇ ಬಂದು ಸೊಂಟದ ಮೇಲೆ ಕೈಯಿಟ್ಟು, “ಸರ್ವೇ ಮಾಡಾಕ ಬಂದೀರೇನವ್ವಾ?” ಎಂದು ಕೇಳಿದಳು. ಹೌದೆಂದರೆ ಮಾತು ಮುಗಿಯುತ್ತದೆ ಎಂಬ ಆಸೆಗೆ ಹೂಂ ಎಂದುಬಿಟ್ಟೆ. ಮುಗಿಯಲಿಲ್ಲ. ಬಳ್ಳಾರಿ ಸೀಮೆಯಲ್ಲಿ ಸರ್ವೇ ಎಂದರೆ ಗುಡ್ಡ ಗಣಿಗೆ ಹೋಗುತ್ತದೆ ಎಂದರ್ಥ. ಮುಂದಿನ ವಾರ ಹೋಗುವಷ್ಟರಲ್ಲಿ ನಾಲ್ಕು ಜನ ಹಿರಿಯರು ತಲೆಗೆ ಹಳದಿ ಪಟಗ ಸುತ್ತಿಕೊಂಡು ಗುಂಡಿನ ಮುಂದೆ ಕೂತಿದ್ದರು. “ಈ ಗುಡ್ಡಾನೂ ಹೊಡೀತೀರೇನ್ರಿ ಮೇಡಮ್ಮಾರ? ಕುರಿ ಎಲ್ಲಿ ಮೇಯಿಸಬೇಕ್ರಿ ನಾವು?” ನನ್ನ ಜೀವನದಲ್ಲಿ ಅಷ್ಟು ಗಟ್ಟಿಯಾಗಿ, ಅಷ್ಟು ಜನರ ಮುಂದೆ, ಅದು ಆಟಿಕೆ ಎಂದೂ ಅದು ನನ್ನದೇ ಎಂದೂ ಹೇಳಬೇಕಾಗಿ ಬಂದದ್ದು ಅದೇ ಮೊದಲು. ಹಿರಿಯರು ನನ್ನ ಮುಖ ನೋಡಿದರು, ಗಾಡಿ ನೋಡಿದರು, ಮತ್ತೆ ನನ್ನ ಮುಖ ನೋಡಿ ಎದ್ದು ಹೋದರು. ಸರ್ವೇಯವಳೆಂದೇ ಉಳಿದಿದ್ದರೆ ಮರ್ಯಾದೆಯಾದರೂ ಇರುತ್ತಿತ್ತು.

ಹಂಪಮ್ಮ ಮಾತ್ರ ಹೋಗಲಿಲ್ಲ. ಪ್ರತಿ ಭಾನುವಾರ ಎಲೆಯಡಿಕೆ ಚೀಲ ಬಿಚ್ಚಿಕೊಂಡು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. “ಮಲಕ್ಕೊಂತು ನೋಡವ್ವ ನಿನ್ನ ಗಾಡಿ,” ಎನ್ನುವಳು. ನಾನು ಹತ್ತಿ ತಂದರೆ, “ನೀನಾ ಚಲೋ ಹತ್ತತಿ, ಅದನ್ನ ಯಾಕ ಹೊತ್ಕೊಂಡು ತಿರುಗ್ತಿ?” ಎನ್ನುವಳು. ಬ್ಯಾಟರಿ ತುಂಬಿದೆ, ಆದರೂ ಏರಿನಲ್ಲಿ ಎಳೆಯುತ್ತಿಲ್ಲ ಎಂದು ಒಮ್ಮೆ ಬೇಸತ್ತು ಹೇಳಿದೆ. ಅವಳು ತಂಬುಲ ದವಡೆಗೆ ಒತ್ತಿ ಯೋಚಿಸಿದಳು. “ಮೇವು ಸಾಕಷ್ಟು ತಿಂದಿರ್ತೈತಿ, ಬರಿಗಾಲಾಗ ಚಂದ ನಡೀತೈತಿ, ನೊಗ ಇಟ್ಟು ಏರು ಹತ್ತಂದ್ರ ನಿಂದ್ರತೈತಿ. ಅಂಥ ಎತ್ತು ನಮ್ಮ ಮನ್ಯಾಗೂ ಇತ್ತವ್ವ. ಹೆಗಲ ಮ್ಯಾಲೆ ಹುಣ್ಣಾಗಿತ್ತು. ನೊಗ ಕೂಡೋ ಜಾಗ ನೋಡು.” ನಾನು ಮರ್ಯಾದೆಗೆ ತಲೆಯಾಡಿಸಿ, ಮನಸ್ಸಿನಲ್ಲೇ ಅವಳ ಮಾತನ್ನು ಅವೈಜ್ಞಾನಿಕ ಎಂದು ಬದಿಗಿಟ್ಟೆ. ಅದಕ್ಕಿಂತ ಸರಿಯಾಗಿ ಆ ಏಳು ವಾರದಲ್ಲಿ ಯಾರೂ ಹೇಳಿರಲಿಲ್ಲ, ನಾನಂತೂ ಹೇಳಿರಲಿಲ್ಲ.

ಏಳನೇ ಭಾನುವಾರ, ಹೊಸ ನಿಯಂತ್ರಕದೊಡನೆಯೂ ಗಾಡಿ ಅಲ್ಲೇ ನಿಂತಾಗ ನಾನು ಹತ್ತಲು ಹೋಗಲಿಲ್ಲ. ಕಲ್ಲಿಗೆ ಒರಗಿ ಕೂತುಬಿಟ್ಟೆ. ಹಂಪಮ್ಮ ತಾನೇ ಯಾವುದೋ ಬಳಸುದಾರಿಯಲ್ಲಿ ಹತ್ತಿ ಗಾಡಿಯನ್ನು ಮರಿಯಂತೆ ಕಂಕುಳಲ್ಲಿ ಎತ್ತಿಕೊಂಡು ಬಂದಳು. “ಹಿಂಗ ಕುಂತ್ರ ಆಗಂಗಿಲ್ಲ. ಸಿರುಗುಪ್ಪದಾಗ ಒಬ್ಬ ಮೇಸ್ತ್ರಿ ಅದಾನ, ಮೋಟ್ರು ಮಾಡಾವ. ನಮ್ಮ ಅಳಿಯನ ಮೋಟ್ರು ಎಲ್ಲೆಲ್ಲಿ ಒಯ್ದ್ರೂ ಆಗಿದ್ದಿಲ್ಲ, ಅವ ಮಾಡಿದ. ಕನ್ನಡಕ ಹಣಿ ಮ್ಯಾಲೆ ಇಟ್ಕೊಂಡು ಊರೆಲ್ಲಾ ಕನ್ನಡಕ ಹುಡುಕ್ತಾನ, ಆದ್ರ ಕೈ ಮಾತ್ರ ಬಂಗಾರ.” ಸಿರುಗುಪ್ಪದಲ್ಲಿ ಹಾಗೆ ಕನ್ನಡಕ ಹುಡುಕುವ ಮೇಸ್ತ್ರಿ ಒಬ್ಬನೇ. ಹಂಪಮ್ಮ ನಿಲ್ಲಿಸಲಿಲ್ಲ. “ಅವನ ಮಗಳು ದೊಡ್ಡ ಕಾಲೇಜಿನಾಗ ಕರೆಂಟಿನ ಪಾಠ ಹೇಳ್ತಾಳಂತ. ಹೋದವ್ರಿಗೆಲ್ಲಾ ಒಂದಾ ಕತಿ. ಕರೆಂಟ್ ಕಮ್ಮಿ ಆಗಂಗಿಲ್ಲಂತ, ಕಮ್ಮಿ ಆಗೋದು ಮತ್ತೊಂದೇನೋ ಅಂತ, ಮಗಳು ಹೇಳ್ಯಾಳಂತ. ‘ನಾ ಇಷ್ಟು ವರ್ಷ ತಪ್ಪು ಹೇಳ್ತಿದ್ದೆ, ಆಕಿ ಮುಂದ ಬಾಯಿ ಬಿಡಾಕ ಅಂಜಿಕಿ ಬರ್ತೈತಿ’ ಅಂತ ನಗ್ತಾನ.”

ಎಂಟು ವರ್ಷ ಅವನು ಮುನಿದಿದ್ದಾನೆ ಎಂದುಕೊಂಡಿದ್ದೆ. ಅವನು ಹೆದರಿದ್ದ. ಮುನಿಸಾಗಿದ್ದರೆ ಕ್ಷಮೆ ಕೇಳಬಹುದಿತ್ತು. ಅಂಜಿಕೆಗೆ ಏನು ಕೇಳುವುದು? ನಾನು ಅಷ್ಟೇನೂ ತಿಳಿದವಳಲ್ಲ ಎಂದು ತೋರಿಸಿಕೊಡಬೇಕು, ಬೇರೆ ದಾರಿಯಿಲ್ಲ. ಅದಕ್ಕೆ ಬೇಕಾದ ಸಾಕ್ಷಿ ಹಂಪಮ್ಮನ ಕಂಕುಳಲ್ಲೇ ಇತ್ತು. ಗಾಡಿಯನ್ನು ಇಸಿದುಕೊಂಡು, ಬಳ್ಳಾರಿಯ ಬಸ್ಸು ಬಿಟ್ಟು, ಸಿರುಗುಪ್ಪದ ಬಸ್ಸು ಹತ್ತಿದೆ.

ಅಪ್ಪ ಅಂಗಡಿಯಲ್ಲಿದ್ದ. ವಾರ್ನಿಷ್ಷಿನ ವಾಸನೆ, ಹೊಟ್ಟೆ ಬಿಚ್ಚಿಕೊಂಡು ಕೂತ ಮೋಟಾರುಗಳು, ಹಣೆಯ ಮೇಲೆ ಕನ್ನಡಕ. “ಯಾಕವ್ವ, ಸ್ಪೆಷಲ್ ಕ್ಲಾಸ್ ಇರ್ಲಿಲ್ಲೇನು?” ಎಂದ. ಚೀಲದಿಂದ ಗಾಡಿ ತೆಗೆದು ಬೆಂಚಿನ ಮೇಲಿಟ್ಟೆ. ಅವನು ಇದೇನೆಂದು ಕೇಳಲಿಲ್ಲ, ಯಾರದೆಂದೂ ಕೇಳಲಿಲ್ಲ. ಅಂಗಡಿಗೆ ಬಂದ ರೋಗಿಯನ್ನು ಅವನು ಹಾಗೆಲ್ಲ ವಿಚಾರಿಸುವುದಿಲ್ಲ. ಸುಮ್ಮನೆ ತಿರುವಿ ನೋಡಿ, “ಇಂಥವೆಲ್ಲಾ ನಿಮಗ ಗೊತ್ತಿರ್ತಾವ,” ಎಂದ. “ಗೊತ್ತಾಗವಲ್ದು ಅಪ್ಪಾ,” ಎಂದೆ. ಗಾಲಿಗಳನ್ನು ಎತ್ತಿ ಹಿಡಿದು ಓಡಿಸಿ ತೋರಿಸಿದೆ, ಹನ್ನೆರಡು ಪಾಯಿಂಟ್ ನಾಲ್ಕನ್ನೂ ಒಪ್ಪಿಸಿದೆ. ಅವನ ಮುಖದಲ್ಲಿ ಮೇಸ್ತ್ರಿ ಎದ್ದು ಬಂದ. “ಗಾಳ್ಯಾಗ ಎಲ್ಲಾ ಓಡ್ತಾವ. ನೀ ರಿಮೋಟ್ ಒತ್ತು, ನಾ ಗಾಲಿ ಹಿಡೀತೀನಿ.” ಎಡಗೈಯಲ್ಲಿ ಗಾಲಿಗಳನ್ನು ತಿರುಗದಂತೆ ಅಮುಕಿ ಹಿಡಿದ, ಮೋಟಾರು ನರಳಿತು, ದೀಪ ಮಿಟುಕಿತು. ಹಾಗೆ ಬಿಟ್ಟು ಬಿಟ್ಟು ನಾಲ್ಕೈದು ಸಲ ಒತ್ತಿಸಿದ. ಅಷ್ಟರಲ್ಲಿ ಬಲಗೈಯ ಬೆರಳುಗಳ ಹಿಂಬದಿಯನ್ನು, ಮಗುವಿನ ಜ್ವರ ನೋಡುವವನಂತೆ, ಬ್ಯಾಟರಿಯಿಂದ ಹೊರಟ ತಂತಿಯ ಮೇಲೆ ಮೆಲ್ಲಗೆ ಆಡಿಸಿದ. ಒಂದು ಕಡೆ ಬೆರಳು ನಿಂತಿತು. “ಇಲ್ಲಿ ಸುಡಾಕತ್ತೈತಿ. ಭಾರ ಬಿದ್ದಾಗ ಇಲ್ಲೇ ತಡೀತೈತಿ.”

ಅಲ್ಲಿ ಏನಿತ್ತೆಂದು ನನಗೆ ಆ ಕ್ಷಣದಲ್ಲಿ ನೆನಪಾಯಿತು. ಗಾಡಿಯ ಪಿನ್ನೂ ಬ್ಯಾಟರಿಯ ಪಿನ್ನೂ ಹೊಂದಿರಲಿಲ್ಲ. ಪಿನ್ ಬದಲಿಸಿ ಬೆಸುಗೆ ಹಾಕಬೇಕಿತ್ತು. ಬೆಸುಗೆ ಹಾಕಿಸಲು ಅಂಗಡಿಗೆ ಹೋದರೆ ಇದು ಏನು, ಯಾರಿಗೆ, ಯಾಕೆ ಎಂದು ಕೇಳುತ್ತಾರೆಂದು ಹೆದರಿ, ಸದ್ಯಕ್ಕಿರಲಿ ಎಂದು ಹೊಸ ಪಿನ್ನಿನ ತಂತಿಗಳನ್ನು ಗಾಡಿಯ ತಂತಿಗಳಿಗೆ ಹೊಸೆದು, ಟೇಪು ಸುತ್ತಿ, ಅಸಹ್ಯ ಕಾಣಬಾರದೆಂದು ಮೇಲೊಂದು ಕರಿ ನಳಿಕೆ ಎಳೆದಿದ್ದೆ. ನಳಿಕೆ ಎಷ್ಟು ನೀಟಾಗಿ ಕೂತಿತ್ತೆಂದರೆ ಅದರೊಳಗೇನಿದೆ ಎಂಬುದನ್ನು ನಾನೇ ಮರೆತಿದ್ದೆ. ನಿಯಂತ್ರಕ ಬದಲಿಸಿದಾಗಲೂ ಶ್ರದ್ಧೆಯಿಂದ ಅದನ್ನೇ ಮತ್ತೆ ಮಾಡಿದ್ದೆ. ಹೊಲದಲ್ಲಿ ತಂತಿ ಹೀಗೆ ಹೊಸೆದು ಪ್ಲಾಸ್ಟಿಕ್ ಹಾಳೆ ಕಟ್ಟಿ ಮೋಟಾರು ಸುಟ್ಟುಕೊಂಡು ಬರುವ ರೈತರಿಗೆ “ಇದೇನು ತಂತಿನೋ, ಜಡಿ ಹೆಣದೀರೋ?” ಎಂದು ಅಪ್ಪ ಬೈಯುವುದನ್ನು ಕೇಳುತ್ತಲೇ ಬೆಳೆದವಳು ನಾನು.

ಅಪ್ಪ ಬ್ಲೇಡಿನಿಂದ ನಳಿಕೆ ಸೀಳಿದ. ಕರಗಿದ ಟೇಪು ಬಿಡಿಸಿದ. ಜಡೆ ಹೊರಬಿತ್ತು. “ಯಾರು ಕಟ್ಯಾರಿದನ್ನ?” ಇದಕ್ಕಾಗಿಯೇ ನಾನು ಅಷ್ಟು ದೂರ ಬಂದಿದ್ದೆ. ಬಾಯಿ ತೆರೆದೆ. “ಮಾರಿದವರಾ ಹಂಗ ಕೊಟ್ಟಾರ,” ಎಂದಿತು ಬಾಯಿ.

ಅಪ್ಪ ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು ಜಡೆಯನ್ನು ಬೆಳಕಿಗೆ ಹಿಡಿದ. “ಎಡಕ್ಕ ಹೊಸದಾರ,” ಎಂದ. ಜಡೆಯನ್ನು ಒಮ್ಮೆ ತಿರುವಿ, “ಎಡಗೈಯಾವ ಇರಬೇಕು, ಮಾರಿದಾವ.” ನಮ್ಮ ಮನೆತನದಲ್ಲಿ ಎಡಗೈಯಲ್ಲಿ ಬರೆಯುವವಳು ನಾನೊಬ್ಬಳೇ. ಒಂದನೇ ಇಯತ್ತೆಯಲ್ಲಿ ಟೀಚರು ಕೈ ಬದಲಿಸಲು ಕೂತಾಗ ಶಾಲೆಗೆ ಬಂದು, “ಇರ್ಲಿ ಬಿಡ್ರಿ, ಅಕ್ಷರ ನೆಟ್ಟಗಿದ್ರ ಆತು,” ಎಂದವನು ಇವನೇ. ಅವನಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು. “ಇರಬೇಕು,” ಎಂದೆ. ಅಪ್ಪ ತಂತಿ ಕೆರೆದು, ಬೆಸುಗೆ ಹಾಕಿದ. ಗಾಡಿ ಅವನ ಅಂಗಡಿಯ ಹಳೆಯ ಮೋಟಾರು ಕವಚಗಳ ರಾಶಿಯನ್ನು ಒಂದೇ ಉಸಿರಿಗೆ ಹತ್ತಿ ತುದಿಯಲ್ಲಿ ನಿಂತಿತು. ಏಳು ವಾರ ಕಾದ ದೃಶ್ಯ. ನನಗೆ ಅಳು ಬಂತು, ಸಂತೋಷಕ್ಕಲ್ಲ. “ಓದಿದವ್ರು ಹಿಂಗ ಕಟ್ಟಂಗಿಲ್ಲ ಬಿಡು,” ಎಂದು ನನ್ನ ಸುಳ್ಳಿನ ಮೇಲೆ ತಾನೂ ಒಂದು ನೀಟಾದ ನಳಿಕೆ ಎಳೆದು, ಅಪ್ಪ ಕೈ ಒರೆಸಿಕೊಂಡ. ಊಟದಲ್ಲಿ ಎಂದಿನಂತೆ ಮಾತಿರಲಿಲ್ಲ. ಅಮ್ಮ, “ಇಬ್ರೂ ಏನು ಮೌನ ವ್ರತ ಹಿಡದೀರೇನು?” ಎಂದು ರೊಟ್ಟಿ ಬಡಿಸಿದಳು.

ಮರುದಿನ ಬೆಳಿಗ್ಗೆ ನಾನು ಮೊದಲ ಬಸ್ಸಿಗೆ ಬಳ್ಳಾರಿಗೆ ಹೊರಡಬೇಕಿತ್ತು. ಮೊಳೆಗೆ ನೇತುಹಾಕಿದ್ದ ಬೀಗದಕೈ ತೆಗೆದುಕೊಂಡು, ಅಪ್ಪ ಸ್ನಾನಕ್ಕೆ ಹೋದಾಗ ಅಂಗಡಿಗೆ ಹೋಗಿ ಬಾಗಿಲು ತೆಗೆದೆ. ಕಸದ ಡಬ್ಬಿಯಿಂದ ಎರಡು ತುಂಡು ತಂತಿ ಆರಿಸಿ, ಎಡಗೈಯಿಂದ, ಎಡಕ್ಕೆ, ಅಷ್ಟೇ ಸುತ್ತು ಹೊಸೆದು, ಅವನು ಕೂರುವ ಜಾಗದ ಮುಂದೆ ಇಟ್ಟೆ. ಟೇಪು ಸುತ್ತಲಿಲ್ಲ. ನಾನು ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತೆ. ಅಪ್ಪ ಬಂದ; ಕೈಗೆತ್ತಿಕೊಂಡ; ತಿರುವಿದ. “ಇದನ್ನೂ ಮಾರಿದವರಾ ಕೊಟ್ಟಾರೇನು?” “ಇಲ್ಲಪ್ಪ. ನನಗ ಬೆಸುಗಿ ಹಾಕಾಕ ಬರಂಗಿಲ್ಲ. ಯಾವತ್ತೂ ಹಾಕಿಲ್ಲ.” ಅಪ್ಪ ತನ್ನ ಸ್ಟೂಲನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ, “ಪ್ಲಗ್ ಹಾಕು, ಕಾಯ್ಲಿ,” ಎಂದು ಬೆಸುಗೆಯ ಕಡ್ಡಿಯನ್ನು ತೋರಿಸಿದ. ಬೆಸುಗೆಯ ಕಡ್ಡಿ ಕಾಯುವಷ್ಟರಲ್ಲಿ ಪ್ರಾಂಶುಪಾಲರಿಗೆ ಫೋನಿನಲ್ಲೇ ರಜೆಯ ಅರ್ಜಿ ಬರೆದೆ. ಕಾರಣ ಎಂಬಲ್ಲಿ ‘ಅನಾರೋಗ್ಯ’ ಎಂದು ಬರೆದು ಅಳಿಸಿದೆ, ‘ವೈಯಕ್ತಿಕ’ ಎಂದು ಬರೆದು ಅಳಿಸಿದೆ, ಕೊನೆಗೆ ‘ತರಬೇತಿ’ ಎಂದು ಕಳಿಸಿದೆ. ಯಾವ ವಿಷಯದಲ್ಲಿ ಎಂದು ತಕ್ಷಣ ಕೇಳಿದರು. ‘ವಿದ್ಯುತ್ತು, ಪ್ರಾಥಮಿಕ’ ಎಂದು ಉತ್ತರಿಸಿ, ಫೋನು ಚೀಲಕ್ಕೆ ಹಾಕಿ, ಅಪ್ಪನ ಪಕ್ಕಕ್ಕೆ ಹೋಗಿ ಕೂತೆ.